ಫೋನ್ ಬೀಳಲಿಲ್ಲ, ಕ್ಯಾಮೆರಾ ಹೋಯ್ತು

"ಏನೋ ಮಗಾ, ನಿನ್ನ ಫೋನಿಗೂ ನನ್ನ ಹಾಗೆ ಕೈ ನಡುಗೋಕೆ ಶುರುವಾಯ್ತಾ?"

ಕಳಸದ ಹತ್ತಿರ ಚಿಕ್ಕಪ್ಪನ ಮನೆ ಜಗಲಿಯಲ್ಲಿ ಕೂತು ಅಜ್ಜಿ ಕೇಳಿದ ಪ್ರಶ್ನೆ ಇದು. ಅವತ್ತು ತಂಗಿಯ ಸೀಮಂತ. ಅಜ್ಜಿ ಅವಳ ಕೈಗೆ ಹಸಿರು ಬಳೆ ತೊಡಿಸ್ತಾ ಇದ್ರು. ಫೋಟೋ ತೆಗೆಯೋ ಕೆಲಸ ನನ್ನದು, ಯಾಕಂದ್ರೆ ಮನೆಯಲ್ಲಿ ದುಬಾರಿ ಫೋನ್ ಇದ್ದಿದ್ದು ನನ್ನ ಹತ್ತಿರ ಮಾತ್ರ. ಕ್ಯಾಮೆರಾ ತೆರೆದರೆ ಸ್ಕ್ರೀನ್ ಮೇಲೆ ಇಡೀ ಚಿತ್ರ ಜೆಲ್ಲಿ ಥರ ಅದುರ್ತಾ ಇದೆ. ಕೈ ಗಟ್ಟಿ ಹಿಡಿದೆ, ಕಂಬಕ್ಕೆ ಒರಗಿದೆ, ಫೋನ್ ಆಫ್ ಮಾಡಿ ಆನ್ ಮಾಡಿದೆ. ಸಾಫ್ಟ್‌ವೇರ್ ಎಂಜಿನಿಯರಿಗೆ ಗೊತ್ತಿರೋ ಒಂದೇ ಮದ್ದು ಅದು. ಏನೂ ಆಗಲಿಲ್ಲ. ಬಳೆ ತೊಡಿಸಿದ ಫೋಟೋದಲ್ಲಿ ಎರಡು ಅಜ್ಜಿ, ನಾಲ್ಕು ಕೈ, ಲೆಕ್ಕವಿಲ್ಲದಷ್ಟು ಬಳೆ.

ಹಿಂದಿನ ದಿನ ಬೆಂಗಳೂರಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬೈಕಲ್ಲಿ ಬಂದಿದ್ದೆ. ಕೊನೆಯ ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ನನ್ನ ಬೆನ್ನುಮೂಳೆ ಕೂಡ ಅಲುಗಾಡಿತ್ತು. ಆದರೆ ಫೋನ್? ಹ್ಯಾಂಡಲ್ ಮೇಲಿನ ಹೋಲ್ಡರಿನಲ್ಲಿ ಒಂದು ಮಿಲಿಮೀಟರ್ ಕೂಡ ಜಾರಿರಲಿಲ್ಲ. ಎಷ್ಟು ಹೆಮ್ಮೆ ಪಟ್ಟಿದ್ದೆ ಅಂದ್ರೆ, ಗೇಟಿನ ಹತ್ತಿರ ಇಳಿದು ಚಿಕ್ಕಪ್ಪನಿಗೆ ಮೊದಲು ತೋರಿಸಿದ್ದು ಆ ಹೋಲ್ಡರನ್ನೇ.

ಅದಕ್ಕೂ ಮೊದಲು ನನ್ನ ಹತ್ತಿರ ಇದ್ದಿದ್ದು 250 ರೂಪಾಯಿಯ ಪ್ಲಾಸ್ಟಿಕ್ ಹೋಲ್ಡರ್. ಎರಡು ಕಡೆಯಿಂದ ಸ್ಪ್ರಿಂಗ್ ಹಿಡಿಯೋದು. ಬೇಲೂರಿನ ಹತ್ತಿರ ಬಣ್ಣ ಬಳಿಯದ ಒಂದು ಹಂಪ್ ಮೇಲೆ ಬೈಕ್ ಹಾರಿದಾಗ ಫೋನ್ ಕೂಡ ಹಾರಿತು. ಫೋನ್ ಹೋಗಿದ್ದು ದೊಡ್ಡ ಮಾತಲ್ಲ. ಅದನ್ನ ಹಿಡಿಯೋಕೆ ನನ್ನ ಎಡಗೈ ತಾನಾಗೇ ಹ್ಯಾಂಡಲ್ ಬಿಟ್ಟಿತ್ತು, ಬಲಗೈ ಬ್ರೇಕ್ ಒತ್ತಿತ್ತು, ಹಿಂದಿದ್ದ ಬಸ್ಸಿನವರು ಹಾರ್ನ್ ಬಾರಿಸಿ, ನನ್ನ ವಂಶದ ಬಗ್ಗೆ ಎರಡು ಮಾತು ಹೇಳಿ ಪಕ್ಕದಲ್ಲೇ ದಾಟಿ ಹೋದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಹೆದರಿಕೆಯಲ್ಲೇ ಮುಂದಿನ ವಾರ ಜೆ.ಸಿ. ರಸ್ತೆಗೆ ಹೋಗಿ ಇದ್ದಿದ್ದರಲ್ಲೇ ಗಟ್ಟಿ, ಪೂರ್ತಿ ಅಲ್ಯೂಮಿನಿಯಂ, ನಾಲ್ಕು ಮೂಲೆಗೂ ಹಲ್ಲಿರೋ ಹೋಲ್ಡರ್ ತಂದೆ. ಅದೇ ನನ್ನ ಕ್ಯಾಮೆರಾ ಕೊಂದಿದ್ದು.

ಹೇಗೆ ಅಂತ ನೋಡೋಣ. ಈಗಿನ ಬಹಳಷ್ಟು ಒಳ್ಳೆ ಫೋನುಗಳಲ್ಲಿ ಓಐಎಸ್ ಅನ್ನೋದು ಇರುತ್ತೆ. ನಮ್ಮ ಕೈ ಸಹಜವಾಗಿಯೇ ಸೆಕೆಂಡಿಗೆ ಹತ್ತು ಸಲದ ಆಸುಪಾಸು ಸಣ್ಣಗೆ ನಡುಗುತ್ತೆ. ಫೋನಿನೊಳಗಿನ ಗೈರೊಸ್ಕೋಪ್ ಆ ನಡುಕವನ್ನ ಅಳೆದು, ಲೆನ್ಸನ್ನೋ ಸೆನ್ಸರನ್ನೋ ಅದಕ್ಕೆ ವಿರುದ್ಧ ದಿಕ್ಕಿಗೆ ತಳ್ಳುತ್ತೆ. ತಳ್ಳಬೇಕಾದ್ರೆ ಲೆನ್ಸ್ ಬಿಗಿಯಾಗಿ ಕೂತಿರಬಾರದು. ಹಾಗಾಗಿ ಅದನ್ನ ಕೂದಲೆಳೆಯಂಥ ಸ್ಪ್ರಿಂಗುಗಳಲ್ಲಿ ತೂಗು ಹಾಕಿ, ಪುಟ್ಟ ಅಯಸ್ಕಾಂತದಿಂದ ಕದಲಿಸ್ತಾರೆ. ಕೈ ನಡುಕಕ್ಕೆ ಅಂತ ಮಾಡಿದ ಈ ತೊಟ್ಟಿಲನ್ನ ನಾವು ತಗೊಂಡು ಹೋಗಿ ಎಂಜಿನ್ನಿಗೆ ಕಟ್ಟಿದರೆ?

ನನ್ನದು ಒಂದೇ ಸಿಲಿಂಡರಿನ ಬೈಕು. 4,500 ಆರ್‌ಪಿಎಂನಲ್ಲಿ ಓಡುವಾಗ ಪಿಸ್ಟನ್ ಸೆಕೆಂಡಿಗೆ 75 ಸಲ ಮೇಲೆ ಕೆಳಗೆ ಹೋಗುತ್ತೆ. ಅದೇ ವೇಗದಲ್ಲಿ ಮೂರು ಗಂಟೆ ಓಡಿಸಿದರೆ 8 ಲಕ್ಷ 10 ಸಾವಿರ ಸಲ. ಅಷ್ಟೂ ಸಲ ಚಾಸಿಯಿಂದ ಹ್ಯಾಂಡಲಿಗೆ, ಹ್ಯಾಂಡಲಿಂದ ಅಲ್ಯೂಮಿನಿಯಂ ಹೋಲ್ಡರಿಗೆ, ಅಲ್ಲಿಂದ ನೇರ ಲೆನ್ಸಿಗೆ ಏಟು. ನಡುವೆ ತಡೆಯೋಕೆ ಏನೂ ಇಲ್ಲ, ಯಾಕಂದ್ರೆ ನಾನು ಕೊಂಡಿದ್ದೇ ಏನೂ ಅಲುಗಾಡದ ಹೋಲ್ಡರ್! ಆಪಲ್ ಕಂಪನಿ 2021ರ ಸೆಪ್ಟೆಂಬರಿನಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ದೊಡ್ಡ ಎಂಜಿನ್ನಿನ ಬೈಕುಗಳಿಗೆ ಐಫೋನ್ ಕಟ್ಟಬೇಡಿ. ಸ್ಕೂಟರಿನಂಥ ಸಣ್ಣ ಎಂಜಿನ್ನಿನದೋ, ಎಲೆಕ್ಟ್ರಿಕ್ ಗಾಡಿಯೋ ಆದರೂ ನಡುಕ ತಡೆಯೋ ಹೋಲ್ಡರ್ ಬಳಸಿ, ಹೆಚ್ಚು ಹೊತ್ತು ಬಳಸಬೇಡಿ ಅಂತ. ನನ್ನ ಫೋನ್ ಬೇರೆ ಕಂಪನಿಯದ್ದು, ಒಳಗಿನ ತೊಟ್ಟಿಲು ಮಾತ್ರ ಅದೇ. ಸರ್ವಿಸ್ ಸೆಂಟರಿನಲ್ಲಿ ಹೊಸ ಕ್ಯಾಮೆರಾಕ್ಕೆ 11,000 ರೂಪಾಯಿ ಅಂದರು. ವಾರಂಟಿ ಕೇಳಿದೆ. "ಬೈಕಲ್ಲಿ ಹಾಕ್ತೀರಾ ಸರ್?" ಅಂತ ಹುಡುಗ ಕೇಳಿದ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

(ಇದನ್ನ ಓದಿ ಈಗಲೇ ಫೋನನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಗಾಬರಿ ಬೀಳಬೇಡಿ. ಕ್ಯಾಮೆರಾ ಆಫ್ ಇದ್ದಾಗ ಓಐಎಸ್ ಲೆನ್ಸ್ ಸಣ್ಣಗೆ ಲೊಟಲೊಟ ಅನ್ನೋದು ಮಾಮೂಲು.)

ಹಾಗಾದ್ರೆ ಎಂಥ ಹೋಲ್ಡರ್ ತಗೋಬೇಕು? ಬೈಕಿನ ಕಡೆ ಕಲ್ಲಿನ ಹಾಗೆ, ಫೋನಿನ ಕಡೆ ಹಾಸಿಗೆಯ ಹಾಗೆ ಇರೋದು. ಹ್ಯಾಂಡಲನ್ನ ಹಿಡಿಯೋ ಕ್ಲಾಂಪಿಗೂ ಫೋನ್ ಕೂರೋ ತಟ್ಟೆಗೂ ಮಧ್ಯೆ ರಬ್ಬರ್ ಅಥವಾ ಸಿಲಿಕಾನ್ ಬುಷ್ ಇರಬೇಕು. ಅಂಗಡಿಯವರು ಡ್ಯಾಂಪರ್ ಅಂತಾರೆ. ಹಲ್ಲುಗಳಿಗೆ ಅಂಟಿಸಿದ ತೆಳು ರಬ್ಬರ್ ತೋರಿಸಿ "ಇದೇ ಸರ್ ಡ್ಯಾಂಪರ್" ಅಂದರೆ ನಂಬಬೇಡಿ. ಅದು ಫೋನಿಗೆ ಗೀರು ಬೀಳದಿರಲಿ ಅಂತ ಇರೋದು. ಕ್ವಾಡ್ ಲಾಕ್‌ನಂಥ ಕಂಪನಿಗಳು ಡ್ಯಾಂಪರನ್ನ ಬೇರೆ ಭಾಗವಾಗಿಯೇ ಮಾರ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗೋ ಕಡಿಮೆ ಬೆಲೆಯ ಹೋಲ್ಡರುಗಳಲ್ಲೂ ಈಗ ಡ್ಯಾಂಪರ್ ಸೇರಿಸಿ ಕೊಡೋದಿದೆ.

ಡ್ಯಾಂಪರ್ ಇದ್ದ ಮಾತ್ರಕ್ಕೆ ಮುಗೀಲಿಲ್ಲ. ಉಯ್ಯಾಲೆ ನೆನಪಿಸಿಕೊಳ್ಳಿ. ಅದಕ್ಕೆ ತನ್ನದೇ ಒಂದು ಲಯ ಇರುತ್ತೆ. ಅದೇ ಲಯಕ್ಕೆ ತಳ್ಳಿದರೆ ಮೇಲೆ ಮೇಲೆ ಹೋಗುತ್ತೆ, ಪಟಪಟ ಅಂತ ಬೇಗ ಬೇಗ ತಟ್ಟಿದರೆ ಇದ್ದಲ್ಲೇ ಇರುತ್ತೆ. ರಬ್ಬರ್ ಮೇಲೆ ಕೂತ ಫೋನೂ ಹಾಗೇ. ಎಂಜಿನ್ ಐಡಲಿನಲ್ಲಿದ್ದಾಗ, ಅಂದರೆ ಸೆಕೆಂಡಿಗೆ 20 ಸಲದ ಸುಮಾರಿಗೆ, ಫೋನ್ ಸ್ವಲ್ಪ ಕುಣಿದರೂ ವೇಗ ಹಿಡಿದ ಮೇಲೆ ಸುಮ್ಮನಾದರೆ ಆ ರಬ್ಬರ್ ಸರಿ ಇದೆ. ಓಡುವಾಗಲೂ ಮ್ಯಾಪಿನ ಅಕ್ಷರ ಮಂಜಾಗಿ ಕಂಡರೆ ನಿಮ್ಮ ಬೈಕಿಗೆ ಅದು ಆಗಿ ಬರಲ್ಲ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕವರ್ ಸಮೇತ ನಿಮ್ಮ ಫೋನನ್ನೇ ಕೂರಿಸಿ ಹೆಬ್ಬೆರಳಿಂದ ಮೂಲೆ ಒತ್ತಿ ಬಿಡಿ. ಕೊಂಚ ಬಗ್ಗಿ ತಕ್ಷಣ ನಿಲ್ಲಬೇಕು. ಬೊಂಬೆ ತಲೆಯ ಹಾಗೆ ತೂಗುತ್ತಲೇ ಇದ್ದರೆ ವಾಪಸ್ ಕೊಟ್ಟುಬಿಡಿ.

ಉದ್ದ ಕೈ ಇರೋ ಹೋಲ್ಡರ್ ಬೇಡವೇ ಬೇಡ. ಗಿಡ್ಡ ಇದ್ದಷ್ಟೂ ಒಳ್ಳೇದು. ಕನ್ನಡಿಯ ಕಡ್ಡಿಗೆ ಸಿಕ್ಕಿಸೋದು ಸ್ಕೂಟರಿನವರಿಗೆ ಅನುಕೂಲ ನಿಜ, ಆದರೆ ಆ ಕಡ್ಡಿಯೇ ಒಂದು ಉದ್ದ ಕೈ. ಮಣ್ಣು ರಸ್ತೆಯಲ್ಲಿ ಕನ್ನಡಿ ಅದುರೋದನ್ನ ನೋಡಿದರೆ ಸಾಕು. ಹ್ಯಾಂಡಲಿನ ಮಧ್ಯಭಾಗದ ಹತ್ತಿರವೇ ಹಾಕಿ. ಹಾಕಿದ ಮೇಲೆ ಹ್ಯಾಂಡಲನ್ನ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಟ್ಯಾಂಕಿಗೆ ತಗಲಬಾರದು, ಕೇಬಲ್ ಎಳೆಯಬಾರದು. ಆಫ್‌ರೋಡ್ ಮಾಡೋರು ನಿಂತು ಓಡಿಸ್ತಾರಲ್ಲ, ಹಾಗೆ ನಿಂತೂ ನೋಡಿ.

ಅಳತೆ ವಿಷಯದಲ್ಲಿ ಬಹಳ ಜನ ಎಡವ್ತಾರೆ. ನಮ್ಮ ಬಹುತೇಕ ಬೈಕುಗಳ ಹ್ಯಾಂಡಲ್ 22 ಮಿಲಿಮೀಟರ್. ಕೆಲವು ಅಡ್ವೆಂಚರ್ ಬೈಕುಗಳ ಹ್ಯಾಂಡಲ್ ಮಾತ್ರ ತುದಿಯಲ್ಲಿ 22 ಇದ್ದು ಮಧ್ಯದಲ್ಲಿ 28.6ಕ್ಕೆ ದಪ್ಪ ಆಗಿರುತ್ತೆ. ಅಳೆಯೋಕೆ ಅಮ್ಮನ ಹೊಲಿಗೆ ಡಬ್ಬಿಯ ದಾರ ಸಾಕು. ಒಂದು ಸುತ್ತು ಸುತ್ತಿ ಸ್ಕೇಲಿಗೆ ಹಿಡಿದಾಗ 69 ಮಿಲಿಮೀಟರ್ ಬಂದರೆ 22, ಸುಮಾರು 90 ಬಂದರೆ 28.6.

ಫೋನ್ ಹಿಡಿಯೋ ರೀತಿ ನಿಮ್ಮಿಷ್ಟ. ಕವರಿಗೇ ತಿರುಗಿಸಿ ಲಾಕ್ ಆಗೋದು ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಅದು ದುಬಾರಿ ಮತ್ತು ಫೋನ್ ಬದಲಾದರೆ ಕವರೂ ಬದಲಾಗಬೇಕು. ನಾಲ್ಕು ಮೂಲೆಯ ಹಲ್ಲಿನದ್ದಾದರೆ ಹಲ್ಲು ಎಲ್ಲಿ ಕೂರುತ್ತೆ ನೋಡಿಕೊಳ್ಳಿ. ನನ್ನದರಲ್ಲಿ ಒಂದು ಹಲ್ಲು ಸರಿಯಾಗಿ ಪವರ್ ಬಟನ್ ಮೇಲೆ ಕೂರ್ತಿತ್ತು. ಗುಂಡಿಗೆ ಗುಂಡಿಗೂ ಬಟನ್ ಒತ್ತಿ ಒತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಅಂತ ನಿಲ್ಲಿಸಿದಾಗ ಫೋನ್ ಎಮರ್ಜೆನ್ಸಿ ಕರೆಗೆ ಎಣಿಕೆ ಶುರು ಮಾಡಿತ್ತು! ಎರಡೇ ಕಡೆ ಹಿಡಿಯೋ ಸ್ಪ್ರಿಂಗ್ ಮತ್ತು ಅಯಸ್ಕಾಂತದವು ಸಿಟಿಗೆ ಓಕೆ, ಮಣ್ಣು ರಸ್ತೆಗೆ ಅಲ್ಲ. ಯಾವುದೇ ಇರಲಿ, ಮೇಲೊಂದು ರಬ್ಬರ್ ಪಟ್ಟಿ ಇರಲಿ. ಬೇಲೂರಿನ ಹಂಪ್ ಇನ್ನೂ ಅಲ್ಲೇ ಇದೆ.

ನಟ್ಟು ಸಡಿಲ ಆಗೋದು ಇನ್ನೊಂದು ಕಾಟ. ಒಳಗೆ ನೈಲಾನ್ ಪಟ್ಟಿ ಇರೋ ನೈಲಾಕ್ ನಟ್ ಹಾಕಿಸಿ. ನೀಲಿ ಥ್ರೆಡ್‌ಲಾಕರ್ ಅಂತ ಒಂದು ಅಂಟು ಸಿಗುತ್ತೆ. ಲೋಹಕ್ಕೆ ಲೋಹ ಇರೋ ಕಡೆ ಒಂದು ಹನಿ ಸಾಕು, ಪ್ಲಾಸ್ಟಿಕ್ ಭಾಗಕ್ಕೆ ಮಾತ್ರ ತಗಲಿಸಬೇಡಿ, ಬಿರುಕು ಬಿಡುತ್ತೆ. ಬಿಗಿ ಮಾಡಿದ ಮೇಲೆ ನಟ್ಟಿಂದ ಕ್ಲಾಂಪಿನವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಅಂತ ಅರ್ಥ.

ಜೀಪಿನ ಕಥೆ ಬೇರೆ. ಅಲ್ಲಿ ಎಂಜಿನ್ ನಡುಕಕ್ಕಿಂತ ರಸ್ತೆಯ ಎತ್ತಾಟ ಜಾಸ್ತಿ, ಹಾಗಾಗಿ ಮೆತ್ತನೆಯ ಡ್ಯಾಂಪರ್ ಅಷ್ಟೇನೂ ಬೇಕಿಲ್ಲ, ಗಿಡ್ಡ ಕೈ ಮತ್ತು ಬಿಗಿ ಬಾಲ್ ಜಾಯಿಂಟ್ ಬೇಕು. ತರಿತರಿ ಡ್ಯಾಶ್‌ಬೋರ್ಡಿಗೆ ಅಂಟಿಸೋ ಸಕ್ಷನ್ ಕಪ್ ಬಿಸಿಲಿಗೆ ಬಿಟ್ಟುಕೊಳ್ಳುತ್ತೆ. ಏಸಿ ಕಿಂಡಿಗೆ ಸಿಕ್ಕಿಸಿದರೆ ಕಿಂಡಿಯ ಪಟ್ಟಿಯೇ ಕೈಗೆ ಬರುತ್ತೆ. ಸ್ಕ್ರೂ ಹಾಕಿ ಕೂರಿಸೋದೇ ಗಟ್ಟಿ. 30x38 ಮಿಲಿಮೀಟರ್ ಅಂತರದ ನಾಲ್ಕು ತೂತಿನ ಆಂಪ್ಸ್ ಅಳತೆಯ ಪ್ಲೇಟ್ ತಗೊಂಡ್ರೆ ಮುಂದೆ ಬೇರೆ ಕಂಪನಿಯ ಹೋಲ್ಡರೂ ಅದಕ್ಕೇ ಕೂರುತ್ತೆ. ಏರ್‌ಬ್ಯಾಗ್ ಅಂತ ಬರೆದಿರೋ ಜಾಗದ ಮೇಲೋ ಮುಂದೋ ಏನನ್ನೂ ಹಾಕಬೇಡಿ. ಅದು ಬಿಚ್ಚಿಕೊಂಡಾಗ ನಿಮ್ಮ ಫೋನೇ ಮುಖಕ್ಕೆ ಹಾರುವ ಕಲ್ಲು. ಅಂದ ಹಾಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಕರೆದುಕೊಂಡು ಹೋದ ಜೀಪಿನ ಅಣ್ಣ ಫೋನನ್ನ ಅಂಗಿ ಜೇಬಲ್ಲಿ ಇಟ್ಟುಕೊಂಡಿದ್ದರು. ಹೋಲ್ಡರ್ ಇಲ್ವಾ ಅಂದಿದ್ದಕ್ಕೆ, "ದಾರಿ ಗೊತ್ತಲ್ಲ" ಅಂದರು.

ನಮಗೆ ದಾರಿ ಗೊತ್ತಿರಲ್ಲ, ಅದೇ ಸಮಸ್ಯೆ. ಫೋನಿನಲ್ಲಿ ದಾರಿ ನೋಡೋದಕ್ಕೆ ಕಾನೂನೂ ಒಪ್ಪುತ್ತೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಆದ ತಿದ್ದುಪಡಿ, ಓಡಿಸುವವರ ಗಮನ ಕೆಡದ ಹಾಗೆ, ದಾರಿ ನೋಡೋದಕ್ಕೆ ಮಾತ್ರ ಬಳಸಬಹುದು ಅನ್ನುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ನಾನೀಗ ವಾಟ್ಸ್ಯಾಪ್ ನೋಟಿಫಿಕೇಷನ್ ಎಲ್ಲ ಆಫ್ ಮಾಡಿ, ಮ್ಯಾಪಿನ ದನಿಯನ್ನ ಹೆಲ್ಮೆಟ್ಟಿನ ಬ್ಲೂಟೂತಿನಲ್ಲಿ ಕೇಳಿಸಿಕೊಳ್ತೀನಿ. ತಿರುವು ಬಂದಾಗ ಮಾತ್ರ ಕಣ್ಣು.

ಇಷ್ಟೆಲ್ಲ ತಿಳಿದುಕೊಂಡು ಕೊನೆಗೆ ನಾನು ಮಾಡಿದ್ದೇನು ಗೊತ್ತಾ? ಡ್ಯಾಂಪರ್ ಇರೋ ಹೋಲ್ಡರ್ ಕೊಂಡೆ, ಅದರಲ್ಲಿ ಹಾಕಿದ್ದು ಡ್ರಾಯರಿನಲ್ಲಿ ಬಿದ್ದಿದ್ದ ಐದು ವರ್ಷದ ಹಳೇ ಫೋನು. ಅದಕ್ಕೆ ಓಐಎಸ್ ಇಲ್ಲ, ಕ್ಯಾಮೆರಾ ಹೋದರೂ ಅಳೋರಿಲ್ಲ. ಕೊಟ್ಟಿಗೆಹಾರ ದಾಟಿದ ಮೇಲೆ ಸಿಗ್ನಲ್ ನಂಬೋ ಹಾಗಿಲ್ಲ ಅಂತ ಚಿಕ್ಕಮಗಳೂರು ಜಿಲ್ಲೆಯ ಮ್ಯಾಪನ್ನ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡೆ. ಚಾರ್ಜರಿನ ವೈರನ್ನ ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರೋ ಲೈನಿಗೆ ಫ್ಯೂಸ್ ಸಮೇತ ಕೊಡಿಸಿದೆ, ಇಲ್ಲಾಂದ್ರೆ ಬೆಳಗ್ಗೆ ಬ್ಯಾಟರಿ ಇಳಿದಿರುತ್ತೆ. ಹೊಸ ಫೋನ್ ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗೆ ಇರುತ್ತೆ.

ಹಾಗೇ ಹೋದ ತಿಂಗಳು ತಂಗಿಯ ಮಗುವಿನ ನಾಮಕರಣಕ್ಕೆ ಮತ್ತೆ ಕಳಸಕ್ಕೆ ಹೋಗಿದ್ದೆ. ಅದೇ ತೋಟದ ರಸ್ತೆ, ಅದೇ ಜಗಲಿ. ಅಜ್ಜಿ ಮಗುವಿನ ಕಿವಿಯಲ್ಲಿ ಹೆಸರು ಹೇಳೋ ಹೊತ್ತಿಗೆ ಸರಿಯಾಗಿ ಒಂದು ಫೋಟೋ ಸಿಕ್ಕಿತು. ಅಜ್ಜಿಯ ಬಿಳಿ ರೆಪ್ಪೆ, ಮಗುವಿನ ಕಿವಿಯ ಮೇಲಿನ ನವಿರು ಕೂದಲು, ಎಲ್ಲ ಸ್ಪಷ್ಟ. ಅಜ್ಜಿ ಕನ್ನಡಕ ಹಾಕಿಕೊಂಡು, ಫೋನನ್ನ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಎಷ್ಟು ಸುಕ್ಕು ಕಾಣ್ತದೋ ಇದ್ರಲ್ಲಿ! ಹೋದ ಸಲದ್ದೇ ಚೆನ್ನಾಗಿತ್ತು."