ಓದದೆ ಹಾಕಿದ ರುಜು



ಪತ್ರಿಕೆ ತೆರೆದರೆ ‘ನೀಲನಕ್ಷೆ’ ಎಂಬ ಪದ ಕಣ್ಣಿಗೆ ಬೀಳದ ದಿನವಿಲ್ಲ. ಜಿಲ್ಲೆಯ ಅಭಿವೃದ್ಧಿಗೆ ನೀಲನಕ್ಷೆ, ಚುನಾವಣೆಗೆ ನೀಲನಕ್ಷೆ, ಪಕ್ಷ ಒಡೆಯುವುದಕ್ಕೂ ನೀಲನಕ್ಷೆ. ಆದರೆ ನಾವು ಉಂಡು ಮಲಗುವ ಮನೆಯ ನಕ್ಷೆಯನ್ನು ಬಿಡಿಸಿ, ಓದಿ, ಅರ್ಥಮಾಡಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ? ಜೀವಮಾನದ ಗಳಿಕೆಯನ್ನೆಲ್ಲ ಸುರಿದು, ಸಾಲವನ್ನೂ ಮಾಡಿ ಕಟ್ಟಿಸುವ ಮನೆಯ ಹಾಳೆಗೆ ಓದದೆ ರುಜು ಹಾಕುವ ನಮ್ಮ ಅಭ್ಯಾಸ ಅಕ್ಷರಸ್ಥರ ಅನಕ್ಷರತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಮಾತು ಕಟುವಾಗಿ ಕೇಳಿಸಬಹುದು. ಅದರ ಮೊದಲ ಆರೋಪಿ ನಾನೇ ಆಗಿರುವುದರಿಂದ ಹೇಳಲು ನನಗೆ ಸಂಕೋಚವಿಲ್ಲ.

2004ರಲ್ಲಿ ನಂಜನಗೂಡಿನಲ್ಲಿ ನಾನು ಮನೆ ಕಟ್ಟಿಸಿದೆ. ಮೂವತ್ತು-ನಲವತ್ತರ ನಿವೇಶನ, ಹತ್ತು ಚದರದ ಕಟ್ಟಡ. ನಕ್ಷೆ ತಯಾರಿಸಿದವರು ಶಾಲೆಯ ಗೇಟಿನ ಬಳಿಗೇ ಬಂದು, ಸ್ಕೂಟರಿನ ಸೀಟಿನ ಮೇಲೆ ಹಾಳೆ ಹಾಸಿದರು. ಎರಡನೆಯ ಪಿರಿಯಡ್ಡಿನ ಗಂಟೆ ಹೊಡೆದಿತ್ತು. ಅಡುಗೆಮನೆ ಆಗ್ನೇಯದಲ್ಲಿದೆಯೇ, ಮನೆಯ ಆಯ ಕೂಡಿಬಂದಿದೆಯೇ ಎಂದಷ್ಟೇ ಕೇಳಿ, ಅವರು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿ ತರಗತಿಗೆ ಓಡಿದೆ. ಅಂದು ನಾನು ಬೋಧಿಸಿದ್ದು ರೇಖಾಗಣಿತ!

ಮನೆ ಎದ್ದ ಮೇಲೆ ತಿಳಿಯಿತು, ಮೆಟ್ಟಿಲಿನ ಕೆಳಗೆ ಬಂದಿದ್ದ ಬಚ್ಚಲುಮನೆಯ ಬಾಗಿಲಿನ ಎತ್ತರ ಐದು ಅಡಿಗೂ ಕಡಿಮೆ ಎಂದು. ನೆಲನಕ್ಷೆಯಲ್ಲಿ ಆ ಬಚ್ಚಲು ವಿಶಾಲವಾಗಿಯೇ ಕಂಡಿತ್ತು. ನೆಲನಕ್ಷೆ ಉದ್ದ ಅಗಲಗಳನ್ನು ಹೇಳುತ್ತದೆ, ತಲೆಯ ಮೇಲೆ ಎಷ್ಟು ಜಾಗವಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಸೆಕ್ಷನ್. ಹಾಳೆಯಲ್ಲಿ ಸೆಕ್ಷನ್ ಕೂಡ ಇತ್ತು. ಆದರೆ ಮನೆಯನ್ನು ಎಲ್ಲಿ ಸೀಳಿ ನೋಡಲಾಗಿದೆ ಎಂದು ತೋರಿಸುವ ‘ಎ–ಎ’ ರೇಖೆ ಮೆಟ್ಟಿಲನ್ನು ಮುಟ್ಟದೆ ನಡುಮನೆಯ ಮೂಲಕ ಹಾದುಹೋಗಿತ್ತು. ‘ಮೆಟ್ಟಿಲಿನ ಮೂಲಕ ಒಂದು ಸೆಕ್ಷನ್ ತೋರಿಸಿ’ ಎಂದು ಒಂದು ಮಾತು ಕೇಳಿದ್ದರೆ ತಪ್ಪು ಕಾಗದದ ಮೇಲೆಯೇ ಸಿಕ್ಕಿಬೀಳುತ್ತಿತ್ತು. ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ. ನನ್ನ ತಂದೆಯವರು ತಮ್ಮ ಕೊನೆಯ ಆರು ವರ್ಷ, ಮಂಡಿ ನೋವಿನ ನಡುವೆಯೂ, ಆ ಬಾಗಿಲಲ್ಲಿ ದಿನವೂ ಸೊಂಟ ಬಗ್ಗಿಸಿ ಒಳಹೋಗಿ ಬಂದರು. ಒಂದು ದಿನವೂ ಆಡಿ ತೋರಿಸಲಿಲ್ಲ.

ಹಾಗಾದರೆ ಈ ಹಾಳೆಗಳಲ್ಲಿ ಇರುವುದೇನು? ಅದೇನೂ ಬ್ರಹ್ಮವಿದ್ಯೆಯಲ್ಲ. ನಮ್ಮೂರಿನ ರಸಬಾಳೆಯನ್ನೇ ತೆಗೆದುಕೊಳ್ಳಿ. ನೆಟ್ಟಗೆ ನಿಲ್ಲಿಸಿ, ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದರೆ ದುಂಡು ಬಿಲ್ಲೆ ಕಾಣುತ್ತದೆ. ಇದು ಪ್ಲಾನ್, ಅಂದರೆ ನೆಲನಕ್ಷೆ. ಮನೆಯನ್ನು ಕಿಟಕಿಯ ಮಟ್ಟದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನ ಭಾಗವನ್ನು ಎತ್ತಿಟ್ಟು ಕೆಳಗೆ ನೋಡಿದಂತೆ. ಅದೇ ಹಣ್ಣನ್ನು ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದರೆ ಸೆಕ್ಷನ್. ಪಾಯದ ಆಳ, ನೆಲದ ಎತ್ತರ, ಲಿಂಟಲ್, ಸಜ್ಜಾ, ತಾರಸಿಯ ದಪ್ಪ ಎಲ್ಲವೂ ಅಲ್ಲಿವೆ. ಕೊಯ್ಯದೆ ಎದುರು ನಿಂತು ನೋಡಿದರೆ ಎಲಿವೇಷನ್. ಇವಲ್ಲದೆ, ನಿವೇಶನದಲ್ಲಿ ಮನೆ ಎಲ್ಲಿ ಕುಳಿತಿದೆ, ಸುತ್ತ ಎಷ್ಟು ಜಾಗ ಬಿಟ್ಟಿದೆ ಎಂದು ತೋರಿಸುವ ಸೈಟ್ ಪ್ಲಾನ್ ಒಂದು. ಪರವಾನಗಿಗೆ ಸಲ್ಲಿಸುವ ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದು ಈ ನಾಲ್ಕು. ಕಟ್ಟುವಾಗ ಬೇಕಾಗುವ ಕಂಬ, ತೊಲೆ, ತಾರಸಿಗಳ ಕಂಬಿಯ ನಕ್ಷೆ, ನೀರಿನ ಕೊಳವೆಯ ನಕ್ಷೆ, ವಿದ್ಯುತ್ತಿನ ನಕ್ಷೆ ಬೇರೆಯೇ. ಅವು ಯಜಮಾನನ ಕೈಗೆ ಬರುವುದೇ ಅಪರೂಪ, ಬಂದರೂ ಬೀರುವಿನಲ್ಲಿ ಮಲಗುತ್ತವೆ.

ನಾವು ನೋಡುವುದು ಯಾವುದನ್ನು? ಎಲಿವೇಷನ್ ಮಾತ್ರ. ಅದರಲ್ಲೂ ಕಂಪ್ಯೂಟರಿನಲ್ಲಿ ಬಣ್ಣ ಬಳಿದು, ಮುಂದೊಂದು ಕಾರು ನಿಲ್ಲಿಸಿದ ಚಿತ್ರ ಮೊಬೈಲಿಗೆ ಬಂದರೆ ನೆಂಟರಿಗೆಲ್ಲ ಕಳಿಸಿ ಹಿಗ್ಗುತ್ತೇವೆ. ಕಬಿನಿಯ ದಡದ ಊರಿನವರಾದ ನಾವು ಮೊದಲು ನೋಡಬೇಕಾದ ಸಂಖ್ಯೆ ಆ ಚಿತ್ರದಲ್ಲಿ ಇರುವುದೇ ಇಲ್ಲ. ರಸ್ತೆಯ ಮಟ್ಟದಿಂದ ಮನೆಯ ನೆಲ ಎಷ್ಟು ಎತ್ತರದಲ್ಲಿದೆ? ಅದು ಸೆಕ್ಷನ್ನಿನ ಮೂಲೆಯಲ್ಲಿ ಸಣ್ಣ ಅಂಕಿಯಾಗಿ ಕುಳಿತಿರುತ್ತದೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆ ಹೊಳೆ ಹರಿದು ಮೈಸೂರು–ನಂಜನಗೂಡು ಸಂಚಾರ ನಿಂತದ್ದು ನಿಮಗೆ ನೆನಪಿರಬಹುದು. ತಗ್ಗಿನಲ್ಲಿ ಮನೆ ಮಾಡಿಕೊಂಡವರಿಗೆ ಅಂದು ಆಗ್ನೇಯ ಮೂಲೆಗಿಂತ ಆ ಅಂಕಿ ಮುಖ್ಯವಾಗಿತ್ತು.

ಆಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಮ್ಮ ಅಜ್ಜಂದಿರು ಮನೆಯ ಉದ್ದ ಅಗಲಗಳನ್ನು ಗುಣಿಸಿ, ಧ್ವಜಾಯವೋ ಗಜಾಯವೋ ಎಂದು ತಾವೇ ಲೆಕ್ಕ ಹಾಕುತ್ತಿದ್ದರು. ತಮ್ಮ ಮನೆಯ ಅಳತೆ ಅವರ ನಾಲಗೆಯ ತುದಿಯಲ್ಲಿತ್ತು. ನಾವು ಆ ಲೆಕ್ಕವನ್ನೂ ಇನ್ನೊಬ್ಬರಿಗೆ ಒಪ್ಪಿಸಿ, ಫಲಿತಾಂಶವನ್ನಷ್ಟೇ ಕೇಳುತ್ತೇವೆ.

ಈಗ ಇನ್ನೊಂದು ಪ್ರಸಂಗ. 2016ರಲ್ಲಿ ನನ್ನ ತಮ್ಮ ತಿ. ನರಸೀಪುರದಲ್ಲಿ ಮನೆ ಕಟ್ಟಿಸುತ್ತಿದ್ದಾಗ ರಜೆಯ ದಿನಗಳಲ್ಲಿ ಮೇಲ್ವಿಚಾರಣೆಗೆಂದು ನಾನು ಹೋಗಿ ಕೂರುತ್ತಿದ್ದೆ. ಕೂರುತ್ತಿದ್ದೆ ಅಷ್ಟೆ, ಏನನ್ನು ನೋಡಬೇಕೆಂದು ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಕಂಬಿ ಕಟ್ಟುತ್ತಿದ್ದ ಯುವಕನೊಬ್ಬ ಹತ್ತಿರ ಬಂದು, ‘ಸಾರ್, ಗುರ್ತು ಸಿಕ್ತಾ?’ ಎಂದ. ನನ್ನದೇ ವಿದ್ಯಾರ್ಥಿ. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಬಾರಿ ನಪಾಸಾಗಿ ಶಾಲೆ ಬಿಟ್ಟವನು. ಸಿಮೆಂಟಿನ ಮೂಟೆಗಳ ಹಿಂದಿನಿಂದ ಸುರುಳಿ ಸುತ್ತಿದ ಹಾಳೆಯೊಂದನ್ನು ತೆಗೆದು ಬಿಡಿಸಿದ.

‘ನೋಡಿ ಸಾರ್, ಕಂಬದ ರಿಂಗು ನೂರೈವತ್ತು ಸಿ/ಸಿ ಅಂತ ಇಲ್ಲಿ ಬರ್ದೈತೆ. ಅಂದ್ರೆ ಆರಿಂಚಿಗೊಂದು. ಮೇಸ್ತ್ರಿ ಒಂಬತ್ತಿಂಚಿಗೆ ಕಟ್ಟು ಅಂತಾವ್ರೆ. ನೀವೊಂದ್ಮಾತು ಹೇಳಿ.’

‘ನಿನಗೆ ಇದು ಓದಕ್ಕೆ ಬರುತ್ತೇನಯ್ಯಾ?’ ಎಂದೆ.

‘ಬರ್ದೇ ಇದ್ರೆ ಕಂಬಿ ಕಟ್ಟೋದು ಹೆಂಗೆ ಸಾರ್?’

ನಾನು ತಲೆ ತಗ್ಗಿಸಿದೆ. ಸಿ/ಸಿ ಎಂದರೆ ಒಂದು ರಿಂಗಿನ ನಡುವಿನಿಂದ ಮುಂದಿನ ರಿಂಗಿನ ನಡುವಿಗೆ ಇರುವ ಅಂತರ ಎಂದು ಅಂದು ನನಗೆ ಕಲಿಸಿದವನು ಅವನು. ರಿಂಗಿನ ತುದಿಯನ್ನು 135 ಡಿಗ್ರಿಗೆ ಬಾಗಿಸಿ ಕಂಬದ ಒಳಕ್ಕೆ ಚುಚ್ಚಬೇಕೆಂದು ಹಾಳೆಯಲ್ಲಿ ಗುರುತಿಸಿರುವುದನ್ನೂ ತೋರಿಸಿದ. ಕೋನಮಾಪಕದಲ್ಲಿ 135 ಡಿಗ್ರಿಯ ಕೋನವನ್ನು ನಾನು ಸಾವಿರಾರು ಮಕ್ಕಳಿಂದ ಎಳೆಸಿದ್ದೇನೆ. ಆ ಕೋನ ಅವರ ಮನೆಯ ಕಂಬದೊಳಗೆ ಇರಬೇಕೆಂದು ಒಂದು ದಿನವೂ ಹೇಳಲಿಲ್ಲ, ಏಕೆಂದರೆ ನನಗೇ ತಿಳಿದಿರಲಿಲ್ಲ. ತಮ್ಮ ಇಂಜಿನಿಯರನ್ನು ಕರೆಸಿದ. ರಿಂಗುಗಳು ಆರಿಂಚಿಗೆ ಬಂದವು. ಕಾಂಕ್ರೀಟ್ ಸುರಿದಿದ್ದರೆ ಆ ಅಂತರವನ್ನು ಮತ್ತೆ ಯಾರೂ ಬರಿಗಣ್ಣಿನಿಂದ ಕಾಣುವಂತಿರಲಿಲ್ಲ.

ಇದು ಬಾಗಿಲು ಗಿಡ್ಡವಾಯಿತು ಎಂಬಷ್ಟಕ್ಕೇ ನಿಲ್ಲುವ ವಿಷಯವಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ತೀರಿಕೊಂಡರು. ಅದರ ಹೊಣೆ ಯಾರದೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಕಂಬದ ಒಳಗೆ ಏನಿರಬೇಕಿತ್ತು ಎಂದು ಗಿಲಾವು ಬಿದ್ದ ಮೇಲೂ ಹೇಳಬಲ್ಲದ್ದು ನಕ್ಷೆ ಒಂದೇ. ಅದನ್ನು ಓದಬಲ್ಲವರು ಕೆಲಸದ ಜಾಗದಲ್ಲಿ ಹೆಚ್ಚಿದಷ್ಟೂ ತಪ್ಪಿಗೆ ಅವಕಾಶ ಕಡಿಮೆ ಎನ್ನುವುದಷ್ಟೇ ನನ್ನ ವಾದ.

‘ಮೇಷ್ಟ್ರೇ, ಎಲ್ಲರೂ ಇಂಜಿನಿಯರಾಗಲು ಸಾಧ್ಯವೇ? ವೈದ್ಯರ ಸ್ಕ್ಯಾನನ್ನು ನಾವು ಓದುತ್ತೇವೆಯೇ?’ ಎಂದು ಕೇಳುವವರಿದ್ದಾರೆ. ತೊಲೆಯ ಭಾರವನ್ನು ಲೆಕ್ಕ ಹಾಕಿ ಎಂದು ನಾನು ಹೇಳುತ್ತಿಲ್ಲ, ಅದು ಓದಿದವರ ಕೆಲಸ. ಬರೆದಿರುವುದನ್ನು ಓದಿ ಎನ್ನುತ್ತಿದ್ದೇನೆ. ಪಂಚಾಂಗ ನೋಡಲು ಖಗೋಳ ಶಾಸ್ತ್ರಜ್ಞನಾಗಬೇಕಾಗಿಲ್ಲ. ಮೇಲಾಗಿ, ಸ್ಕ್ಯಾನಿನ ಕೆಳಗೆ ‘ಇದು ನನ್ನದು’ ಎಂದು ಯಾರೂ ನಮ್ಮ ರುಜು ಕೇಳುವುದಿಲ್ಲ. ನಕ್ಷೆಯಲ್ಲಿ ಮಾತ್ರ ‘ಮಾಲೀಕರ ಸಹಿ’ ಎಂಬ ಜಾಗವಿದೆ. ‘ಇಂಜಿನಿಯರ ಮೇಲೆ ನಂಬಿಕೆ’ ಎನ್ನುವುದು ನಮ್ಮ ಸೋಮಾರಿತನಕ್ಕೆ ಹೊದಿಸಿದ ಶಾಲು. ಒಳ್ಳೆಯ ಇಂಜಿನಿಯರು ಪ್ರಶ್ನೆ ಕೇಳುವ ಯಜಮಾನನನ್ನು ಕಂಡು ಸಂತೋಷಪಡುತ್ತಾರೆ. ಸಿಡುಕುವವರಿದ್ದರೆ ಅವರಿಂದ ದೂರವಿರಲು ಅದೊಂದೇ ಕಾರಣ ಸಾಕು.

ನನ್ನ ದೊಡ್ಡ ಜಗಳ ನಮ್ಮ ಶಾಲೆಗಳೊಂದಿಗೆ. ವೃತ್ತಕ್ಕೆ ಸ್ಪರ್ಶಕ ಎಳೆಯುವುದು ಖಚಿತವಾಗಿ ಅಂಕ ಕೊಡುವ ಪ್ರಶ್ನೆಯೆಂದು ನಾನು ಮಕ್ಕಳಿಗೆ ನೂರು ಬಾರಿ ಎಳೆಸಿದೆ. ಅವರ ಕೈಗೆ ಎಳೆಯುವುದನ್ನು ಕಲಿಸಿದೆ, ಕಣ್ಣಿಗೆ ಓದುವುದನ್ನು ಕಲಿಸಲಿಲ್ಲ. ಪ್ರಮಾಣದ ಪಾಠಕ್ಕೆ ಶ್ರೀಕಂಠೇಶ್ವರನ ದೇವಸ್ಥಾನಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಅದರ ಉದ್ದ 385 ಅಡಿ, ಅಗಲ 160 ಅಡಿ. 1:500ರ ಪ್ರಮಾಣದಲ್ಲಿ ಬರೆದರೆ ಸುಮಾರು ಇಪ್ಪತ್ತಮೂರೂವರೆ ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್‌ಗೆ ತುಸು ಕಡಿಮೆ ಅಗಲ. ಅಷ್ಟು ದೊಡ್ಡ ದೇಗುಲ ಒಂದು ಎ4 ಹಾಳೆಯಲ್ಲಿ ಕೂರುತ್ತದೆ! ನೆಲನಕ್ಷೆಯ ಪಾಠಕ್ಕೆ ತಿ. ನರಸೀಪುರ ತಾಲ್ಲೂಕಿನಲ್ಲೇ ಸೋಮನಾಥಪುರವಿದೆ. ಅಲ್ಲಿನ ಕೇಶವ ದೇವಾಲಯದ ಜಗತಿಯ ಅಂಚು ಗುಡಿಯ ನಕ್ಷತ್ರಾಕಾರವನ್ನೇ ಅನುಸರಿಸುತ್ತದೆ. ಅಂಚಿನ ಮೇಲೆ ನಡೆದರೆ ನೆಲನಕ್ಷೆಯ ಗೆರೆಯ ಮೇಲೆ ನಡೆದಂತೆ. ಪ್ರತಿವರ್ಷ ಮಕ್ಕಳನ್ನು ಅಲ್ಲಿಗೆ ಪ್ರವಾಸಕ್ಕೆ ಕರೆದೊಯ್ದ ನಾನು ಅವರಿಂದ ಬರೆಸಿದ್ದು ‘ಹೊಯ್ಸಳ ಶೈಲಿಯ ಲಕ್ಷಣಗಳು’ ಎಂಬ ಐದು ಅಂಶಗಳ ಟಿಪ್ಪಣಿಯನ್ನು!

ಆದ್ದರಿಂದ ನನ್ನ ಆಗ್ರಹ ಇಷ್ಟು. ಪ್ರೌಢಶಾಲೆಯ ಗಣಿತದಲ್ಲಿ ಒಂದು ವಾರ ನಿಜವಾದ ಮನೆಯೊಂದರ ನಕ್ಷೆಯನ್ನು ಓದಿಸಬೇಕು. ನಕ್ಷೆ ಮಾಡುವವರು ಕಂಬಿಯ ನಕ್ಷೆಯೂ ಸೇರಿದಂತೆ ಎಲ್ಲ ಹಾಳೆಗಳನ್ನು ಯಜಮಾನನಿಗೆ ಕೊಡಬೇಕು, ಸಂಕೇತಗಳ ವಿವರಣೆ ಕನ್ನಡದಲ್ಲಿರಬೇಕು. ಮೂರನೆಯದು ನಿಮ್ಮ ಕೈಯಲ್ಲೇ ಇದೆ. ರುಜು ಹಾಕುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕುಳಿತು ಇವನ್ನು ಕೇಳಿಕೊಳ್ಳಿ: ಉತ್ತರ ದಿಕ್ಕಿನ ಬಾಣ ಎತ್ತ ತೋರಿಸುತ್ತಿದೆ? ಕೋಣೆಯ ಅಳತೆ ಗೋಡೆಯ ಒಳಗಿನದೋ ಹೊರಗಿನದೋ? ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ, ತೆರೆದರೆ ಮಂಚಕ್ಕೆ ತಗುಲುವುದೇ? ಸೆಕ್ಷನ್ನಿನ ಗೆರೆ ಮೆಟ್ಟಿಲಿನ ಮೂಲಕ ಹಾದಿದೆಯೇ? ನೆಲ ರಸ್ತೆಗಿಂತ ಎಷ್ಟು ಎತ್ತರ? ಒಂದು ಎಚ್ಚರಿಕೆ: ಹಾಳೆಯ ಮೇಲೆ ಸ್ಕೇಲಿಟ್ಟು ಅಳೆಯಬೇಡಿ. ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಮುದ್ರಿಸುವಾಗ ಕುಗ್ಗಿರಬಹುದು. ಬರೆದಿರುವ ಅಂಕಿಯನ್ನೇ ನಂಬಿ. ಅಂಕಿ ಇಲ್ಲದಿದ್ದರೆ ಬರೆಸಿಕೊಳ್ಳಿ.

ನಿಮ್ಮಲ್ಲಿ ಹಲವರು ಈಗ ಮನೆ ಕಟ್ಟಿಸುವ ವಯಸ್ಸಿನಲ್ಲಿದ್ದೀರಿ. ಯಾವುದಾದರೂ ಭಾನುವಾರ ನಿಮ್ಮ ನಕ್ಷೆ ಹಿಡಿದು ಬನ್ನಿ, ಜಗಲಿಯ ಮೇಲೆ ಕುಳಿತು ಒಟ್ಟಿಗೆ ಓದೋಣ. ನನಗೆ ತಿಳಿಯದಿದ್ದಲ್ಲಿ ತಿ. ನರಸೀಪುರದ ನನ್ನ ಗುರುವಿಗೆ ಫೋನು ಮಾಡುತ್ತೇನೆ. ಆತ ಈಗ ಸ್ವತಃ ಗುತ್ತಿಗೆ ಹಿಡಿಯುತ್ತಾನೆ. ಬಂದಾಗ ನಮ್ಮ ಬಚ್ಚಲುಮನೆಯ ಬಾಗಿಲನ್ನೂ ನೋಡಿ. ಒಡೆಸಿ ಎತ್ತರಿಸಿ ಎಂದು ಮಕ್ಕಳು ಹೇಳುತ್ತಲೇ ಇರುತ್ತಾರೆ. ಮೇಲೆ ಮೆಟ್ಟಿಲಿದೆ, ಎತ್ತರಿಸಲು ಬರುವುದಿಲ್ಲ. ಈಗ ಅಲ್ಲಿ ಬಗ್ಗುವ ಸರದಿ ನನ್ನದು.