ಅತ್ತೆ ತಿದ್ದಿಕೊಂಡ ನೋಟ

ಐರಿಸ್ ಮರ್ಡಾಕ್ ಕಲ್ಪಿಸಿದ ಒಂದು ಸಂಸಾರವಿದೆ. ಅತ್ತೆಗೆ ಸೊಸೆ ಹಿಡಿಸಿಲ್ಲ. ಹುಡುಗಿಯ ಮನಸ್ಸು ಒಳ್ಳೆಯದೇ. ಆದರೆ ಮಾತು ಒರಟು, ಸಲಿಗೆ ಹೆಚ್ಚು, ಮಗನಿಗೆ ತಕ್ಕವಳಲ್ಲ ಎಂಬ ಕೊರಗು. ಅತ್ತೆ ಘನವಂತೆ, ಅಸಮಾಧಾನವನ್ನು ಮಾತಿನಲ್ಲಾಗಲಿ ಮುಖದಲ್ಲಾಗಲಿ ತೋರಿಸಿದವಳಲ್ಲ. ಬೇಕಾದರೆ ಸೊಸೆ ಪರದೇಶಕ್ಕೆ ಹೋಗಿದ್ದಾಳೆ, ಇಲ್ಲವೇ ತೀರಿಯೇ ಹೋಗಿದ್ದಾಳೆ ಎಂದುಕೊಳ್ಳಿ ಎನ್ನುತ್ತಾರೆ ಮರ್ಡಾಕ್. ಇನ್ನು ಅವಳಿಗೆ ಉಪಕಾರ ಮಾಡುವಂತೆಯೂ ಇಲ್ಲ, ಅಪಕಾರ ಮಾಡುವಂತೆಯೂ ಇಲ್ಲ. ಆಗ ಅತ್ತೆ ತನ್ನೊಳಗೇ ತಡಕಾಡುತ್ತಾಳೆ: ನಾನು ಹಳೇ ಕಾಲದವಳು, ಪೂರ್ವಗ್ರಹದವಳು, ಮಗನ ವಿಷಯದಲ್ಲಿ ಹೊಟ್ಟೆಕಿಚ್ಚೂ ಇದೆ, ಇನ್ನೊಮ್ಮೆ ನೋಡಬೇಕು. ನೋಡುತ್ತ ನೋಡುತ್ತ ಒರಟುತನವೆನಿಸಿದ್ದು ಸರಳತೆಯಾಗಿ, ಗದ್ದಲವೆನಿಸಿದ್ದು ಲವಲವಿಕೆಯಾಗಿ ಕಾಣತೊಡಗುತ್ತದೆ.

ಹೊರಗೆ ಏನೂ ನಡೆದಿಲ್ಲ. ನೀತಿಯೆಂದರೆ ಆಯ್ಕೆ ಮತ್ತು ಕ್ರಿಯೆ ಎಂದು ಬಗೆದಿದ್ದ ಅಂದಿನ ಆಕ್ಸ್‌ಫರ್ಡ್ ಪಂಡಿತರಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ಅಲ್ಲಿನ ಸೇಂಟ್ ಆ್ಯನ್ಸ್ ಕಾಲೇಜಿನಲ್ಲಿ 1948ರಿಂದ 1963ರವರೆಗೆ ತತ್ತ್ವಶಾಸ್ತ್ರ ಕಲಿಸಿದ ಮರ್ಡಾಕ್, ನೀತಿಯ ನಿಜವಾದ ಕೆಲಸ ಇದೇ ಎಂದು ವಾದಿಸಿದರು. ಆಯ್ಕೆಯ ಗಳಿಗೆ ಬರುವ ಹೊತ್ತಿಗೆ ತೀರ್ಮಾನ ಬಹುಪಾಲು ಆಗಿಹೋಗಿರುತ್ತದೆ. ಎದುರಿನವರನ್ನು ನಾವು ವರ್ಷಗಟ್ಟಲೆ ಹೇಗೆ ನೋಡುತ್ತ ಬಂದೆವು ಎಂಬುದೇ ಅದನ್ನು ಮಾಡಿರುತ್ತದೆ. ಗೆಳತಿ ಎಲಿಜಬೆತ್ ಆ್ಯನ್ಸ್‌ಕಂಬ್ 1958ರ ಪ್ರಬಂಧವೊಂದರಲ್ಲಿ ಸದ್ಗುಣದ ಚರ್ಚೆಗೆ ಮತ್ತೆ ದಾರಿ ತೆರೆದಿದ್ದರು. ಆ ದಾರಿಗೆ ಅಂತರಂಗದ ಆಳ ತಂದುಕೊಟ್ಟವರು ಮರ್ಡಾಕ್.

ವ್ಯಕ್ತಿರೂಪದ ದೇವರನ್ನು ಅವರು ನಂಬಲಿಲ್ಲ. ಆದರೂ ಪ್ರಾರ್ಥನೆಯ ಬೆಲೆಯನ್ನು ಅಲ್ಲಗಳೆಯಲಿಲ್ಲ. ಅದು ಬೇಡಿಕೆಯಲ್ಲ, ತನ್ನನ್ನು ಮರೆತು ಒಳಿತಿನ ಕಡೆ ಮನಸ್ಸಿಟ್ಟು ನಿಲ್ಲುವುದು. ಈ ಏಕಾಗ್ರ ಗಮನದ ವಿಚಾರವನ್ನು ಅವರು ಫ್ರೆಂಚ್ ಚಿಂತಕಿ ಸಿಮೋನ್ ವೇಯ್ಲ್ ಅವರಿಂದ ಪಡೆದರು. ನಮ್ಮ ಕಣ್ಣಿಗೆ ಮಂಜು ಕವಿಸುವುದು ಅಹಂಕಾರ. ಮಾನಕ್ಕೆ ಪೆಟ್ಟುಬಿದ್ದು ಕುದಿಯುತ್ತ ಕೂತವರು ಕಿಟಕಿಯಾಚೆ ಗಾಳಿಯಲ್ಲಿ ನಿಂತ ಗಿಡುಗವನ್ನು ಕಂಡರೆ, ಆ ಕ್ಷಣ ಗಿಡುಗವಲ್ಲದೆ ಬೇರೇನೂ ಇರುವುದಿಲ್ಲ ಎಂದು ಅವರು ಬರೆದಿದ್ದಾರೆ. ದೈವದ ಹಂಗಿಲ್ಲದೆಯೂ ಬದುಕಿಗೆ ಆಧ್ಯಾತ್ಮಿಕ ಅರ್ಥವಿದೆ ಎಂಬುದಕ್ಕೆ ನನಗೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಸಿಕ್ಕಿಲ್ಲ.

ನನಗೆ ಬಹಳ ಮುಖ್ಯವೆನಿಸುವ ಮಾತು ಇನ್ನೊಂದಿದೆ. ನಮ್ಮ ಮನೆಗಳಲ್ಲಿ ಹೊಂದಿಕೊಂಡು ಹೋಗು ಎಂಬ ಬುದ್ಧಿವಾದ ಸಲ್ಲುವುದು ಸೊಸೆಗೆ. ಮರ್ಡಾಕ್ ನೋಟ ತಿದ್ದಿಕೊಳ್ಳುವ ಹೊಣೆಯನ್ನು ಹೊರಿಸಿದ್ದು ಹಿರಿಯಳ ಮೇಲೆ, ಅಧಿಕಾರವಿರುವವಳ ಮೇಲೆ. ಈ ಕ್ರಮ ತಲೆಕೆಳಗಾದರೆ ಇಡೀ ತತ್ತ್ವ ಸಹಿಸಿಕೋ ಎಂಬ ಉಪದೇಶವಾಗಿಬಿಡುತ್ತದೆ.

1970ರಲ್ಲಿ ಬಂದ ‘ದಿ ಸಾವರಿಂಟಿ ಆಫ್ ಗುಡ್’ ಮೂರೇ ಪ್ರಬಂಧಗಳ ಸಣ್ಣ ಪುಸ್ತಕ. ಅತ್ತೆ–ಸೊಸೆ ಇರುವುದು ಮೊದಲನೆಯದರಲ್ಲಿ. ಓದು ಸಲೀಸಲ್ಲ, ಆದರೂ ಅಲ್ಲಿಂದಲೇ ಶುರುಮಾಡಿ.