ಸಜ್ಜಾದೊಳಗಿನ ಉಪ್ಪು

ಮಕ್ಕಳೇ, ಮಳೆ ಬಂದರೆ ಓಡಿಹೋಗಿ ನಿಲ್ಲುವುದು ಸಜ್ಜಾದ ಕೆಳಗೆ ತಾನೇ? ಮಲ್ಪೆ, ಉಳ್ಳಾಲ, ಕಾರವಾರದಂಥ ಕಡಲತೀರದ ಊರಿನವರಾದರೆ ಒಮ್ಮೆ ಕತ್ತೆತ್ತಿ ನೋಡಿ. ಹಳೆಯ ಮನೆಗಳ ಸಜ್ಜಾದಲ್ಲಿ ಕಂದು ಕಲೆ, ಒಳಗಿನ ಕಂಬಿಯ ಉದ್ದಕ್ಕೂ ನೇರವಾಗಿ ಹೋದ ಬಿರುಕು ಕಾಣಬಹುದು. "ವಯಸ್ಸಾಯಿತಲ್ಲ" ಎಂದು ದೊಡ್ಡವರು ಸುಮ್ಮನಾಗುತ್ತಾರೆ. ಎಲ್ಲವನ್ನೂ ವಯಸ್ಸಿನ ಮೇಲೆ ಹೊರಿಸುವುದು ಎಪ್ಪತ್ತು ದಾಟಿದ ನನಗೆ ಒಪ್ಪಿಗೆಯಿಲ್ಲ! ಇದು ಉಪ್ಪಿನ ಕೆಲಸ.

ಸಿಮೆಂಟು ಸುಣ್ಣದ ಹಾಗೆ ಕ್ಷಾರ. ಕಾಂಕ್ರೀಟಿನೊಳಗೆ ಪಿಎಚ್ 12ರಿಂದ 13ರಷ್ಟಿರುತ್ತದೆ. ಅಲ್ಲಿ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಅದಿರುವವರೆಗೆ ಕಂಬಿ ಕ್ಷೇಮ. ಕಡಲ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ವರ್ಷಗಟ್ಟಲೆ ಇಳಿದು ಇಳಿದು, ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ನೀರು, ಆಮ್ಲಜನಕ ಸಿಕ್ಕರೆ ಅಲ್ಲೇ ತುಕ್ಕು ಶುರು.

ಇಷ್ಟೆಲ್ಲ ಮಾಡಿದರೂ ಕ್ಲೋರೈಡ್ ಖರ್ಚಾಗುವುದಿಲ್ಲ! ಬ್ಯಾಂಕಿನಲ್ಲಿದ್ದಾಗ ದಲ್ಲಾಳಿಗಳನ್ನು ಬಹಳ ನೋಡಿದ್ದೇನೆ. ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ, ವ್ಯಾಪಾರ ಕುದುರಿದೊಡನೆ ಮುಂದಿನ ಗಿರಾಕಿಯ ಬಳಿಗೆ ಹೊರಟುಬಿಡುತ್ತಿದ್ದರು. ಇದೂ ಹಾಗೆಯೇ. ಕಂಬಿಯಿಂದ ಕಬ್ಬಿಣವನ್ನು ಎಳೆದು ತಂದು, ತುಕ್ಕಾಗಲು ಬಿಟ್ಟು, ಮತ್ತೆ ಕಂಬಿಯತ್ತ ತಿರುಗುತ್ತದೆ. ಕಮಿಷನ್ ಮಾತ್ರ ಕೇಳುವುದಿಲ್ಲ.

ತುಕ್ಕಿಗೆ ಮೊದಲಿನ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಅದು ಒಳಗಿನಿಂದ ಒತ್ತುತ್ತದೆ, ಕಾಂಕ್ರೀಟು ಬಿರಿಯುತ್ತದೆ, ಒಂದು ದಿನ ಚಕ್ಕೆ ಕೆಳಗೆ ಬೀಳುತ್ತದೆ.

ಅಜ್ಜ ಅಜ್ಜಿಯರೇ, ಹಬ್ಬಕ್ಕೆ ಮುಂಚೆ ಬಿರುಕಿಗೆ ಗಾರೆ ಮೆತ್ತಿಸಿ ಬಣ್ಣ ಹೊಡೆಸಿದರೆ ನೋಡಲು ಚೆಂದ, ಆದರೆ ಉಪ್ಪು ಒಳಗೇ ಇರುತ್ತದೆ. ಉಪ್ಪು ಹೀರಿದ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಒಡೆದು ತೆಗೆದು, ಕಂಬಿಯ ತುಕ್ಕು ಪೂರಾ ಉಜ್ಜಿ, ಆಮೇಲೆ ಹೊಸದು ತುಂಬಬೇಕು. ಖರ್ಚಿನ ಬಾಬ್ತೇ, ನಿಜ.

ಹೊಸ ಮನೆ ಕಟ್ಟುವವರಿಗೂ ಒಂದು ಲೆಕ್ಕವಿದೆ. ಕಂಬಿಯಿರುವ ಕಾಂಕ್ರೀಟಿಗೆ ಬೆರೆಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ. ಸಮುದ್ರದ ನೀರಿನಲ್ಲಿ ಸುಮಾರು 19,000! ಬಾವಿ ನೀರು ಉಪ್ಪಾಗಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ತೊಳೆಯದ ಕಡಲ ಮರಳು ಬೇಡವೇ ಬೇಡ.

ಮಕ್ಕಳೇ, ಅಂಥ ಬಿರುಕಿನ ಕೆಳಗೆ ಆಡಬೇಡಿ, ಮನೆಯಲ್ಲಿ ಹೇಳಿ. ಎಂಜಿನಿಯರು ಬಂದಾಗ ದೂರ ನಿಂತು ಕಿವಿಗೊಡಿ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಾಂಕ್ರೀಟು "ಟಣ್" ಎನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಖಾಲಿ ಡಬ್ಬಿ ಬಡಿದ ಸದ್ದು.